ತೆರಿಗೆ ದುಡ್ಡಿನ ಕೋಡ್ ಯಾರ ಸ್ವತ್ತು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: 'ರಾಕೆಟ್ ಹಾರಿಸಬೇಕಾದ ನಾಸಾ, ನೆಬ್ಯುಲಾ ಅಂತ ಕ್ಲೌಡ್ ಕಟ್ಟಿತು. ಅದರ ಕೋಡನ್ನು ಪುಕ್ಕಟೆ ಹಂಚಿತು. ಎರಡೇ ವರ್ಷಕ್ಕೆ ಕೈಬಿಟ್ಟಿತು. ಜನರ ದುಡ್ಡು ಪೋಲಾದ ಹಾಗಲ್ವಾ?'

ಮೊದಲು ಎರಡು ಪದ: ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬೇಕಾದಷ್ಟು ಬಳಸಿಕೊಳ್ಳುವ ದೂರದ ಕಂಪ್ಯೂಟರ್‌ಗಳ ಗುಂಪು; ಕೋಡ್ ಅಂದರೆ ತಂತ್ರಾಂಶದ ಮೂಲ ಬರಹ. ಕೈಬಿಟ್ಟದ್ದು ನಿಜ. 2012ರ ಹೊತ್ತಿಗೆ ನಾಸಾ ಹಿಂದೆ ಸರಿದು ಅಮೆಜಾನ್ ಕ್ಲೌಡ್ ಕಡೆ ವಾಲಿತು. ಆದರೆ 'ಪೋಲು' ಅನ್ನುವ ಮಾತು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ನೆಬ್ಯುಲಾ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ. ಹಡಗಿಗೆ ಸರಕು ತುಂಬುತ್ತಾರಲ್ಲ, ಅಂಥ ಕಬ್ಬಿಣದ ಕಂಟೇನರ್ ಒಳಗೆ ಸರ್ವರ್ ಜೋಡಿಸಿದ್ದರು. ಕ್ಲೌಡ್ ನಡೆಸಲು ಮೊದಲು ಯೂಕಲಿಪ್ಟಸ್ ಎಂಬ ತಂತ್ರಾಂಶ ಬಳಸಿದರು. ಅದರ ಕೋಡಿನಲ್ಲಿ ಒಂದು ಪಾಲು ಎಲ್ಲರಿಗೂ ಮುಕ್ತ, ಇನ್ನೊಂದಕ್ಕೆ ಕಂಪನಿಯ ಬೀಗ. ನಾವು ಬರೆದುಕೊಟ್ಟ ಸುಧಾರಣೆಗಳನ್ನು ಆ ಕಂಪನಿ ಸೇರಿಸಿಕೊಳ್ಳಲಿಲ್ಲ ಎಂದು ನಾಸಾ ಕಡೆಯವರು ದೂರಿದರು. ಕೊನೆಗೆ ತಾವೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ 'ನೋವಾ' ಎಂಬ ತಂತ್ರಾಂಶ ಬರೆದರು. 2010ರ ಜುಲೈನಲ್ಲಿ ರ‍್ಯಾಕ್‌ಸ್ಪೇಸ್ ಕಂಪನಿ ಜೊತೆ ಸೇರಿ ಅದನ್ನು ಓಪನ್‌ಸ್ಟ್ಯಾಕ್ ಹೆಸರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತು ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 3 ಲಕ್ಷಕ್ಕೂ ಜಾಸ್ತಿ ಪ್ರೊಸೆಸರ್ ಕೋರ್‌ಗಳನ್ನು, ಅಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಘಟಕಗಳನ್ನು, ಅದು ನಡೆಸುತ್ತಿದೆ. ನೆಟ್ಟವರು ಊರು ಬಿಟ್ಟರೂ ಮರ ಹಣ್ಣು ಬಿಡುತ್ತಿದೆ. ಇದು ಪೋಲು ಹೇಗಾಯಿತು?

ಬೀಗದ ಸಂಕಟ ನನಗೆ ಗೊತ್ತು. ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನು ಒಂದು ಕಂಪನಿಯ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೆವು. ಕಂಪನಿ ಮುಚ್ಚಿತು. ಹೊಸ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಚಿತ್ರವಿಚಿತ್ರ ಚಿಹ್ನೆಗಳು. ನಮ್ಮ ಹುಡುಗಿಯೊಬ್ಬಳು ಮುದ್ರಿತ ಪ್ರತಿ ಪಕ್ಕಕ್ಕಿಟ್ಟುಕೊಂಡು, ಯಾವ ಚಿಹ್ನೆ 'ಳ', ಯಾವುದು 'ಕ್ಷ' ಅಂತ ತಿಂಗಳುಗಟ್ಟಲೆ ಪಟ್ಟಿ ಮಾಡಿದಳು. ಒಳಗಿನ ಕೋಡ್ ಕೈಯಲ್ಲಿದ್ದಿದ್ದರೆ ಅಷ್ಟು ಪಾಡು ಬೇಕಿರಲಿಲ್ಲ.

ನಮ್ಮ ಸರ್ಕಾರಗಳ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಓಪನ್ ಸೋರ್ಸ್‌ಗೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶಕ್ಕೆ, ಮೊದಲ ಮಣೆ ಅಂತ ಕೇಂದ್ರ 2015ರಲ್ಲೇ ನೀತಿ ತಂದಿದೆ. ಸರ್ಕಾರ ಬರೆಸಿದ ಕೋಡನ್ನು ತೆರೆದಿಡಬೇಕು ಅಂತಲೂ ಅದೇ ವರ್ಷ ಇನ್ನೊಂದು ನೀತಿ ಬಂತು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 'ಮೇಘದೂತ' ಎಂಬ ಕ್ಲೌಡ್ ತಂತ್ರಾಂಶವನ್ನೂ ಕಟ್ಟಿದೆ. ಆದರೂ ಎಷ್ಟೋ ಕಚೇರಿಗಳಲ್ಲಿ ಟೆಂಡರ್ ಕೊಟ್ಟು ಬರೆಸಿದ ತಂತ್ರಾಂಶ ಗುತ್ತಿಗೆದಾರನ ಜೇಬಿನಲ್ಲೇ ಉಳಿಯುತ್ತದೆ. ಗುತ್ತಿಗೆ ಮುಗಿದರೆ ಮತ್ತೆ ಮೊದಲಿಂದ ಟೆಂಡರ್, ಮತ್ತೆ ನಮ್ಮದೇ ದುಡ್ಡು.

ನಾಸಾದ ಲೆಕ್ಕ ಇಷ್ಟು ಚೆನ್ನಾಗಿ ಕೇಳುವ ನಿಮಗೆ ನನ್ನದೊಂದು ಕೋರಿಕೆ. ನಿಮ್ಮ ಊರಿನ ಯಾವುದಾದರೂ ಸರ್ಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಅಲ್ಲಿಯ ತಂತ್ರಾಂಶದ ಮೂಲ ಕೋಡ್ ಯಾರ ಹತ್ತಿರ ಇದೆ ಅಂತ ಕೇಳಿ. ಉತ್ತರ ಬಂದರೆ ನಮಗೆ ಕಳಿಸಿ. ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇನೆ.

- ಸಂಪಾದಕ