ಪ್ರ: 'ಕಾಲ್ ಆಫ್ ದಿ ವ್ಯಾಲಿ' ಅನ್ನೋ ಹಿಂದೂಸ್ತಾನಿ ಸಂಗೀತದ ಆಲ್ಬಂನಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್ ಯಾವುದು ಅಂತಾನೇ ಗೊತ್ತಾಗ್ತಿಲ್ಲ

ಬಹುಶಃ ನೀವು ಎಡಗೈ ಬೆರಳಲ್ಲಿ ತಂತಿಗಳನ್ನು ಒತ್ತಿ ಹಿಡಿದು ಝಣಝಣ ಬಾರಿಸೋ ಗಿಟಾರ್ ಹುಡುಕುತ್ತಿದ್ದೀರಿ. ಅದು ಇದರಲ್ಲಿ ಸಿಗುವುದಿಲ್ಲ. ಕಾಬ್ರಾ ನುಡಿಸುತ್ತಿದ್ದುದು ಹವಾಯಿಯನ್ ಗಿಟಾರ್: ತೊಡೆಯ ಮೇಲೆ ಮಲಗಿಸಿ, ಬಲಗೈಯಲ್ಲಿ ಮೀಟಿ, ಎಡಗೈಯ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುವುದು.

ಮೊದಲು ಇಯರ್‌ಫೋನ್ ಹಾಕಿಕೊಳ್ಳಿ, ಫೋನ್ ಸ್ಪೀಕರಲ್ಲಿ ಇದರಲ್ಲಿರುವ ಎರಡು ತಂತಿವಾದ್ಯಗಳೂ (ಸಂತೂರ್, ಗಿಟಾರ್) ಒಂದೇ ಥರ ಕೇಳಿಸುತ್ತವೆ (ನಿಮ್ಮ ತೊಂದರೆ ಇಷ್ಟೇ ಇದ್ದರೂ ಇರಬಹುದು). ಆಮೇಲೆ ಶಿವಕುಮಾರ್ ಶರ್ಮಾರ ಸಂತೂರ್ ಗುರುತಿಸಿ, ಅದು ಪುಟ್ಟ ಕೋಲಿನಿಂದ ತಟ್ಟಿದ ನಾದ, ಬಿಡಿಬಿಡಿಯಾಗಿ ಉದುರುತ್ತದೆ. ಹರಿಪ್ರಸಾದ್ ಚೌರಾಸಿಯಾರ ಕೊಳಲು ಹೇಗೂ ಗೊತ್ತಾಗುತ್ತದೆ. ಇನ್ನುಳಿದದ್ದರಲ್ಲಿ ಒಂದೇ ಸಲ ಮೀಟಿದ ಮೇಲೂ ಸ್ವರ ನಿಲ್ಲದೆ ಮುಂದಿನ ಸ್ವರಕ್ಕೆ ಜಾರಿಕೊಂಡು ಹೋಗುತ್ತದಲ್ಲ, ಹಾಡುವವರು ಎಳೆದ ಹಾಗೆ, ಅದೇ ಕಾಬ್ರಾ.

ಅದು ಕಿವಿಗೆ ಕೂತ ಮೇಲೆ ಅವರ ಸೋಲೋ ರೆಕಾರ್ಡಿಂಗ್ ಯಾವುದಾದರೂ ಹಾಕಿ, ತಬಲಾ ಬರುವ ಮುಂಚಿನ ಆಲಾಪ ಮಾತ್ರ ಕೇಳಿ. ಅವರು ಸರೋದ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಅಲಿ ಅಕ್ಬರ್ ಖಾನರ ಶಿಷ್ಯ, ಆ ಗುರುವಿನಿಂದ ಬಂದ ತಾಳ್ಮೆ ಆಲಾಪದಲ್ಲೇ ಚೆನ್ನಾಗಿ ಕಾಣುವುದು. 1967ರ ಈ ಆಲ್ಬಂ ಒಂದರಿಂದಲೇ ಅವರನ್ನು ಅಳೆಯಬೇಡಿ, ಅಲ್ಲಿ ಮೂವರೂ ಜಾಗ ಹಂಚಿಕೊಂಡಿದ್ದಾರೆ. ಕೊನೆಗೆ ಕಾಬ್ರಾ ಅವರ ಶಿಷ್ಯ ದೇಬಾಶಿಶ್ ಭಟ್ಟಾಚಾರ್ಯರನ್ನೂ ಕೇಳಿ. ವೇಗ ಜಾಸ್ತಿ, ಆದರೆ ಆ ಜಾರು ಎಲ್ಲಿಂದ ಬಂತು ಅಂತ ತಕ್ಷಣ ಗೊತ್ತಾಗುತ್ತದೆ.