ಪೆನ್‌ಡ್ರೈವ್‌ಗೆ ಕಣ್ಣಿಲ್ಲ

ಪ್ರೌಢಶಾಲೆಯೊಂದರ ವಾದ್ಯವೃಂದ ನಡೆಸುವ ಓದುಗರ ಪತ್ರ: ‘ವಾರ್ಷಿಕೋತ್ಸವಕ್ಕೆ ಡೆನ್ಮಾರ್ಕಿನ ಲುಂಬ್ಯೂ ಬರೆದ ಕೋಪನ್‌ಹೇಗನ್ ಸ್ಟೀಮ್ ರೈಲ್ವೆ ಗ್ಯಾಲಪ್ ಎಂಬ ವೇಗದ ಕುಣಿತದ ಕೃತಿ ನುಡಿಸಲಿದ್ದೇವೆ. ಎಂಜಿನ್ನಿನ ಸದ್ದನ್ನು ಪೆನ್‌ಡ್ರೈವ್‌ನಿಂದ ಹಾಕಿದರೆ ತಪ್ಪೇ? ಅಷ್ಟಕ್ಕೂ ಇದು ಬರೀ ಮಿಮಿಕ್ರಿ ಅಲ್ಲವೇ?’

ಸಂಪಾದಕರ ಉತ್ತರ: ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡೋಣ. ರೆಕಾರ್ಡಿನ ಎಂಜಿನ್ ಅಸಲಿ ಎಂಜಿನ್ನಿನಂತೆಯೇ ಕೇಳಿಸುತ್ತದೆ, ಅಳುಕುವುದೂ ಇಲ್ಲ. ಅದರ ಗುಣಗಾನ ಇಲ್ಲಿಗೆ ಮುಗಿಯಿತು. ಅದು ಲಯ ತೋರಿಸುವ ನಿಮ್ಮ ಕೈಯ ಕೋಲನ್ನು ನೋಡುವುದಿಲ್ಲ. ಈ ಕೃತಿಯಲ್ಲಿ ಗಂಟೆ, ಸೀಟಿ ಆದ ಮೇಲೆ ಬಂಡಿ ತೆವಳುತ್ತದೆ, ಓಡುತ್ತದೆ, ಕೊನೆಗೆ ಬ್ರೇಕು ಹಾಕಿ ನಿಲ್ಲುತ್ತದೆ. ಲಯ ಗಳಿಗೆಗಳಿಗೆಗೆ ಬದಲಾಗುವಾಗ ರೆಕಾರ್ಡು ಒಂದು ದಾರಿ, ಪಿಟೀಲು ಇನ್ನೊಂದು ದಾರಿ ಹಿಡಿಯುತ್ತವೆ.

ಇನ್ನು ಮಿಮಿಕ್ರಿ. ಮೇಷ್ಟ್ರೇ, ನಿಮ್ಮ ಬಾಯಲ್ಲಿ ಈ ಮಾತು ಬರಬಾರದಿತ್ತು! 1847ರಲ್ಲಿ ಕೋಪನ್‌ಹೇಗನ್–ರೋಸ್ಕಿಲ್ಡೆ ರೈಲುಮಾರ್ಗ ತೆರೆದಾಗ ಬರೆದ ಕೃತಿ ಇದು. ಬರೆದವರು 1843ರಲ್ಲಿ ಬಾಗಿಲು ತೆರೆದ, ಕೋಪನ್‌ಹೇಗನ್ನಿನ ಟಿವೋಲಿ ಮನರಂಜನಾ ಉದ್ಯಾನದ ಸಂಗೀತ ನಿರ್ದೇಶಕರು, ಜನರನ್ನು ಕುಣಿಸುವುದೇ ಅವರ ಕಸುಬು. ಎರಡು ಸಿಲಿಂಡರಿನ ಹಬೆ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ‘ಛುಕ್’ ಎನ್ನುತ್ತದೆ. ಗ್ಯಾಲಪ್ಪಿನ ಎರಡೆಣಿಕೆಯಲ್ಲಿ ಆ ನಾಲ್ಕು ಸಲೀಸಾಗಿ ಕೂರುತ್ತವೆ. ಯಂತ್ರದೊಳಗೇ ಕುಣಿತವಿತ್ತು, ಲುಂಬ್ಯೂಗೆ ಅದು ಕೇಳಿಸಿತು.

ಛುಕ್ ಎನಿಸಲು ಅಂಗೈ ಅಗಲದ ಎರಡು ಮರದ ತುಂಡು ಸಾಕು. ಬೆನ್ನಿಗೆ ಹಿಡಿ, ಮುಖಕ್ಕೆ 40 ಅಥವಾ 60 ನಂಬರಿನ ಸ್ಯಾಂಡ್‌ಪೇಪರ್. ಪೂರ್ತಿ ಅಂಟಿಸಬೇಡಿ; ಅಂಚು ಮಡಿಚಿ ಪಕ್ಕಕ್ಕೆ ಮೊಳೆ ಹೊಡೆಯಿರಿ, ಬದಲಿಸುವುದು ಸುಲಭ. ತಾಲೀಮಿನಲ್ಲೇ ಹರಳು ಸವೆದು ಸದ್ದು ಸಾಯುತ್ತದೆ, ಪ್ರದರ್ಶನದ ದಿನ ಹೊಸ ಕಾಗದವೇ ಬೇಕು. ಮುಖಕ್ಕೆ ಮುಖ ತಾಗಿಸಿ ಹಗುರವಾಗಿ ಉಜ್ಜಿ; ಒತ್ತಿ ಉಜ್ಜಿದರೆ ಎರಡೂ ಕಚ್ಚಿಕೊಂಡು ಲಯ ತಪ್ಪುತ್ತದೆ. ನಿಧಾನದಲ್ಲಿ ಉದ್ದನೆಯ ಎಳೆತ, ವೇಗ ಏರಿದಂತೆ ಗಿಡ್ಡ.

ಹೆಚ್ಚಿನ ವಾದ್ಯವೃಂದಗಳು ಹಳಿ ತಪ್ಪುವುದು ಹೊರಡುವಾಗಲೇ. ಎಂಟನೇ ಆವರ್ತಕ್ಕೇ ಪೂರ್ಣ ವೇಗ ಮುಟ್ಟಿದರೆ ಮುಂದೆ ಏರಲು ಏನು ಉಳಿಯಿತು? ಲಯ ಎಣಿಸುವ ಮೆಟ್ರೊನೋಮಿನಲ್ಲಿ ನಿಮಿಷಕ್ಕೆ 60 ಬಡಿತದ ಆಸುಪಾಸು ಹೊರಡಿ, ಗ್ಯಾಲಪ್ಪಿಗೆ 140 ಸಾಕು. ಬ್ರೇಕು ಹಾಕುವಾಗ ಮಕ್ಕಳು ನಿಧಾನದ ಜೊತೆ ಸದ್ದನ್ನೂ ಇಳಿಸಿಬಿಡುತ್ತಾರೆ. ಬಂಡಿಯ ತೂಕ ಎಲ್ಲಿಗೂ ಹೋಗಿರುವುದಿಲ್ಲ, ಒತ್ತು ಇರಲಿ.

ಇದು ಕೈಗೆ ಹತ್ತಿದರೆ ಮುಂದಿನ ವರ್ಷ ಯೋಸೆಫ್ ಸ್ಟ್ರೌಸ್‌ನ ‘ಫಾಯರ್‌ಫೆಸ್ಟ್’ ಎಂಬ ಪೋಲ್ಕಾ ಕುಣಿತದ ಕೃತಿ ಎತ್ತಿಕೊಳ್ಳಿ. ವಿಯೆನ್ನಾದ ವರ್ಟ್‌ಹೈಮ್ ಕಂಪನಿ 20,000ನೇ ತಿಜೋರಿ ಮಾಡಿದ ಸಂಭ್ರಮಕ್ಕೆ 1869ರಲ್ಲಿ ಬರೆದದ್ದು. ಅದರಲ್ಲಿ ಕಮ್ಮಾರನ ಅಡಿಗಲ್ಲಿನ ಮೇಲೆ ಸುತ್ತಿಗೆ ಬೀಳುತ್ತದೆ. ಅಡಿಗಲ್ಲು ಸಿಗದಿದ್ದರೆ ಗುಜರಿಯ 30 ಸೆಂ.ಮೀ. ಹಳಿ ತುಂಡು ಸಾಕು. ಮೇಜಿನ ಮೇಲೆ ನೇರ ಇಟ್ಟರೆ ಬರುವುದು ‘ಟಕ್’ ಮಾತ್ರ. ಎರಡೂ ತುದಿಯಿಂದ ಸುಮಾರು 7 ಸೆಂ.ಮೀ. ಒಳಗೆ ಹಗ್ಗದ ಸುರುಳಿ ಕೊಟ್ಟರೆ ‘ಠಣ್’ ಎನ್ನುತ್ತದೆ, ಅಲ್ಲಿ ಕಂಪನ ಅತಿ ಕಡಿಮೆ. ಹೊಡೆಯುವ ಹುಡುಗನ ಕಿವಿಗೆ ಹತ್ತಿ ಸಾಲದು, ಇಯರ್‌ಪ್ಲಗ್ ಕೊಡಿಸಿ.

ಪೆನ್‌ಡ್ರೈವ್ ನಿಮ್ಮೊಬ್ಬರ ತಪ್ಪಲ್ಲ. ನಾಡಗೀತೆ, ಸ್ವಾಗತಗೀತೆ ಎಲ್ಲವೂ ಈಗ ಅದರಿಂದಲೇ. ದಸರೆಯಲ್ಲಿ ಪೊಲೀಸ್ ಬ್ಯಾಂಡಿಗೆ ಚಪ್ಪಾಳೆ ತಟ್ಟುವ ಊರುಗಳಲ್ಲೇ ಶಾಲಾ ಬ್ಯಾಂಡೆಂದರೆ ಸಮವಸ್ತ್ರ ಮತ್ತು ಒಂದು ದೊಡ್ಡ ಡ್ರಮ್ಮು. ಯಾವ ವಾದ್ಯವೂ ಬಾರದ ಹುಡುಗನನ್ನು ಅದರ ಹಿಂದೆ ನಿಲ್ಲಿಸುತ್ತಾರೆ. ನೀವು ಸ್ಯಾಂಡ್‌ಪೇಪರನ್ನು ನಿಮ್ಮ ಅತ್ಯುತ್ತಮ ಲಯದ ಹುಡುಗಿಯ ಕೈಗೆ ಕೊಡಿ, ಕೋಲು ಕಾಣುವಂತೆ ಮುಂದೆ ಕೂರಿಸಿ.