ಪಿಎಚ್‌ಡಿಗಾಗಿ ಕನ್ನಡ ಲೇಖನ ಪ್ರಕಟಿಸಲು ಯಾವ ಜರ್ನಲ್‌ಗೆ ದುಡ್ಡು ಕಟ್ಟಬಹುದು?

ಯಾವುದಕ್ಕೂ ಕಟ್ಟಬೇಡಿ. ಕಾಸರಗೋಡಿನಲ್ಲಿ ಕನ್ನಡ ಸಂಶೋಧನೆ ಮಾಡ್ತಿದ್ದೀರಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಜರ್ನಲ್‌ಗಳ 'ಕೇರ್' ಪಟ್ಟಿಯ ಹೆಸರು ಹೇಳಿ ದುಡ್ಡು ಕೇಳುವ ಜರ್ನಲ್‌ಗಳಲ್ಲಿ ಯಾವುದು ವಾಸಿ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವಳು.

ನನ್ನ ವಿಷಯ ಕುಂಬಳೆ ಸೀಮೆಯ ಊರ ಹೆಸರುಗಳು. ಆಗ ಲೇಖನ ಪ್ರಕಟವಾಗದೆ ಪ್ರಬಂಧ ಸಲ್ಲಿಸುವ ಹಾಗಿರಲಿಲ್ಲ. ಅವಸರದಲ್ಲಿ ಒಂದು ಜರ್ನಲ್‌ಗೆ ದುಡ್ಡು ಕಟ್ಟಿದೆ. ಲೇಖನ ಬಂತು, ಪಿಎಚ್‌ಡಿಯೂ ಆಯ್ತು. ದುಡ್ಡು ಹೋಗಿದ್ದಕ್ಕೆ ಈಗ ಬೇಸರವಿಲ್ಲ. ಬೇಸರವಿರುವುದು ನಾನು ಕೊಟ್ಟ ಫೈಲಿನ ಬಗ್ಗೆ.

ಅದು ಹಳೆ ನುಡಿ ಫಾಂಟಿನ ಫೈಲು. ಡಿಟಿಪಿಯವರು ಅದನ್ನೇ ಕೇಳಿದ್ದರು. ಅವರು ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಕನ್ನಡ, ಅಂದರೆ ಕಂಪ್ಯೂಟರಿನ ಒಳಗೂ ಕನ್ನಡವಾಗಿಯೇ ಇರುವ ಅಕ್ಷರ, ಸರಿಯಾಗಿ ಕೂರುವುದಿಲ್ಲ. ಆದರೆ ಆ ಹಳೆ ಫಾಂಟಿನಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ, ಅಷ್ಟೆ. ಅಂಥ ಪಿಡಿಎಫ್‌ನಿಂದ 'ಕನ್ನಡ' ಎಂಬ ಪದ ಕಾಪಿ ಮಾಡಿ ಬೇರೆ ಕಡೆ ಹಾಕಿ ನೋಡಿ. ಪಿ, ಪೌಂಡ್ ಚಿಹ್ನೆ, ಕ್ಯೂ, ನಡುನಡುವೆ ತಲೆ ಮೇಲೆ ಗೀಟಿರುವ ಎ ಬರುತ್ತದೆ. ಗೂಗಲ್‌ಗೆ ಕಾಣುವುದೂ ಅದೇ. ಊರ ಹೆಸರುಗಳ ಬಗ್ಗೆ ಬರೆದ ಲೇಖನ, ಬೇಳ ಅಂತ ಹುಡುಕಿದರೂ ಸಿಗದು, ನೀರ್ಚಾಲು ಅಂದರೂ ಸಿಗದು! ಪಿಡಿಎಫ್ ಕೈಗೆ ಬಂದ ದಿನ ಒಂದೇ ಒಂದು ಪದ ಹುಡುಕಿ ನೋಡಿದ್ದರೂ ಗೊತ್ತಾಗುತ್ತಿತ್ತು. ನೋಡಲಿಲ್ಲ. ಆಮೇಲೆ ಜರ್ನಲಿನ ವೆಬ್‌ಸೈಟೇ ಮುಚ್ಚಿತು. ಅದೇ ಊರುಗಳ ಮೇಲೆ ಇನ್ನೊಬ್ಬರು ಮೊದಲಿಂದ ಕೆಲಸ ಶುರು ಮಾಡಿದರು, ನನ್ನದೊಂದು ಲೇಖನ ಇದೆ ಅಂತಲೇ ಗೊತ್ತಿಲ್ಲದೆ. ನಾನು ಮಾತಾಡಿಸಿದ್ದ ಹಿರಿಯರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಈಗ ನಿಮ್ಮ ಅವಸರಕ್ಕೆ ಕಾರಣವೇ ಇಲ್ಲದಿರಬಹುದು. 2022ರ ನವೆಂಬರಿನ ಯುಜಿಸಿ ನಿಯಮದಲ್ಲಿ ಪ್ರಬಂಧಕ್ಕೆ ಮೊದಲು ಲೇಖನ ಪ್ರಕಟಿಸುವ ಕಡ್ಡಾಯ ಹೋಯಿತು. ನಿಮ್ಮ ವಿಶ್ವವಿದ್ಯಾಲಯದ್ದೇ ಬೇರೆ ನಿಯಮ ಇದೆಯಾ ಅಂತ ಬರಹದಲ್ಲೇ ಕೇಳಿ. ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಕೈಬಿಟ್ಟಿದೆ. ಇವತ್ತೂ ಅದರ ಹೆಸರಲ್ಲಿ ದುಡ್ಡು ಕೇಳುವವರನ್ನು ನಂಬಬೇಡಿ. ಜರ್ನಲ್ ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆ ನೋಡಿಯೂ ಮರುಳಾಗಬೇಡಿ, ನಮ್ಮ ದೇಶದಲ್ಲಿ ಅದು ಪುಕ್ಕಟೆ ಸಿಗುವ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ.

ಪ್ರಾಮಾಣಿಕವಾಗಿ ಕನ್ನಡ ಜರ್ನಲ್ ನಡೆಸುವವರ ಕಷ್ಟ ನನಗೆ ಗೊತ್ತು. ಚಂದಾದಾರರಿಲ್ಲ, ಕಾಗದ, ಅಚ್ಚು, ಅಂಚೆ ಎಲ್ಲದಕ್ಕೂ ಖರ್ಚು. ವಿಶ್ವವಿದ್ಯಾಲಯಗಳಿಗೆ ಜರ್ನಲ್ ಓದಲು ಕೊಡುವ 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿದೆ, ಅದು ಹೋಗುವುದು 30 ಅಂತರರಾಷ್ಟ್ರೀಯ ಪ್ರಕಾಶಕರ ಜರ್ನಲ್‌ಗಳಿಗೆ. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ. ಹಾಗಂತ ಆ ಹೊರೆಯನ್ನು ಫೆಲೋಶಿಪ್ ಕೂಡ ಸರಿಯಾಗಿ ಬಾರದ ವಿದ್ಯಾರ್ಥಿ ಹೊರಬೇಕಾ?

ದುಡ್ಡು ಕೇಳದ, ಲೇಖನ ಓದಿ ತಿದ್ದಿಸುವ ಜರ್ನಲ್‌ಗೆ ಕಳಿಸಿ, ತಡವಾದರೂ ಆಗಲಿ. ಯುನಿಕೋಡಿನಲ್ಲೇ ಬರೆಯಿರಿ. ಅವರು ಒಪ್ಪಿದರೆ ಒಂದು ಪ್ರತಿಯನ್ನು ಝೆನೋಡೋ ಎಂಬ ಆನ್‌ಲೈನ್ ಸಂಶೋಧನಾ ಭಂಡಾರದಲ್ಲಿ ಹಾಕಿಡಿ. ಅದು ಉಚಿತ, ಲೇಖನಕ್ಕೆ ಕಾಯಂ ಗುರುತಾಗುವ ಡಿಒಐ ಸಂಖ್ಯೆಯನ್ನೂ ಕೊಡುತ್ತದೆ. ಹಳೆ ನುಡಿ ಫೈಲುಗಳಿದ್ದರೆ ಈಗಲೇ ಯುನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಜಾಸ್ತಿ ಕೆಡುವುದು ಅಲ್ಲೇ.